ಊಟದ ಮಾತು: ಮಗು ಮೊದ್ಲು ನೋಡೋದು ಅಪ್ಪನ ತಟ್ಟೆ

ಈ ಸಲ ಬಂದ ಕಾಗದ, ಮೆಸೇಜುಗಳಲ್ಲಿ ಮುಕ್ಕಾಲು ಪಾಲು ಮಕ್ಕಳ ಊಟದ್ದೇ. ಒಂದೇ ಥರದ್ದನ್ನೆಲ್ಲ ಸೇರ್ಸಿ ಕೆಲವಕ್ಕೆ ಉದ್ದಕ್ಕೆ, ಕೆಲವಕ್ಕೆ ಎರಡೇ ಮಾತಲ್ಲಿ ಉತ್ತರ ಬರ್ದಿದೀನಿ. ಬರ್ದಿರೋರಲ್ಲಿ ಹೆಚ್ಚಿನೋರು ಅಮ್ಮಂದ್ರು, ಆದ್ರೆ ಉತ್ತರ ಮನೇಲಿ ಇರೋ ಬೇರೆಯವ್ರೂ ಓದ್ಬೇಕು. ಅದ್ಯಾಕೆ ಅಂತ ಮುಂದೆ ಗೊತ್ತಾಗುತ್ತೆ.

ಪ್ರಶ್ನೆ: ನಮಸ್ತೆ ಮೇಡಂ, ನನ್ನ ಮಗನಿಗೆ ನಾಲ್ಕು ವರ್ಷ. ಮೊಬೈಲ್ ಇಲ್ದೆ ಒಂದು ತುತ್ತೂ ಇಳಿಯಲ್ಲ. ಮೊಸರನ್ನ ಬಿಟ್ರೆ ಬೇರೆ ಮುಟ್ಟಲ್ಲ, ಪಲ್ಯ ಕಂಡ್ರೆ ಮುಖ ಸಿಂಡರಿಸ್ತಾನೆ. ನಮ್ಮ ಮಾವ ದಿನಾ ಸಂಜೆ ಅಂಗಡಿಯಿಂದ ಐದು ರೂಪಾಯಿ ಪ್ಯಾಕೆಟ್ ಎರಡು ತಂದು ಕೊಡ್ತಾರೆ, ಬೇಡ ಅಂದ್ರೆ "ನನ್ ಮೊಮ್ಮಗನಿಗೆ ನಾನ್ ಕೊಡಿಸ್ಬಾರ್ದಾ" ಅಂತ ಮುಖ ದಪ್ಪ ಮಾಡ್ಕೊಂಡು ಊಟಕ್ಕೇ ಬರಲ್ಲ. ಮಗು ಸಣ್ಣ ಅಂತ ಬಂದೋರೆಲ್ಲ ನಂಗೇ ಬೈತಾರೆ. – ಹೆಸರು ಬೇಡ, ಚಿತ್ರದುರ್ಗ

ಉತ್ತರ: ನೋಡಮ್ಮಾ, ಮೊದ್ಲು ಟೈಮ್ ಲೆಕ್ಕ ಹಾಕೋಣ. ಸಂಜೆ ಐದಕ್ಕೆ ಹಾಲು ಬಿಸ್ಕತ್ತು, ಆರಕ್ಕೆ ತಾತನ ಪ್ಯಾಕೆಟ್, ಏಳಕ್ಕೆ ಇನ್ನೊಂದ್ ಏನೋ ಕುರುಕಲು, ಎಂಟೂವರೆಗೆ ನೀವು ತಟ್ಟೆ ಹಿಡ್ಕೊಂಡು ಹಿಂದೆ ಓಡ್ತೀರಿ, ಆಗ ಅವನಿಗೆ ಹಸಿವು ಎಲ್ಲಿಂದ ಬರ್ಬೇಕು? ನಾಲ್ಕು ವರ್ಷದ ಮಗುವಿನ ಹೊಟ್ಟೆ ಎಷ್ಟು ಅಂತೀರಿ. ಆ ಪ್ಯಾಕೆಟ್ ಹಿಂದೆ ಇರೋ ಸಣ್ಣ ಅಕ್ಷರ ಒಂದ್ ಸಲ ಓದಿ, ಯಾವ್ದು ಜಾಸ್ತಿ ಹಾಕಿರ್ತಾರೋ ಅದನ್ನ ಮೊದ್ಲು ಬರೀಬೇಕು ಅಂತ ನಿಯಮ ಇದೆ, ಅಕ್ಕಿ ಹಿಟ್ಟೋ ಜೋಳದ ಹಿಟ್ಟೋ, ಆಮೇಲೆ ಪಾಮ್ ಎಣ್ಣೆ, ಆಮೇಲೆ ಉಪ್ಪು ಮಸಾಲೆ. ಹೊಟ್ಟೆ ತುಂಬುತ್ತೆ, ಬೇರೇನೂ ಸಿಗಲ್ಲ.

ಹಾಗಂತ ಮಾವನ ಹತ್ರ ಜಗಳಕ್ಕೆ ಇಳೀಬೇಡಿ. ಅವರಿಗೆ ಮೊಮ್ಮಗನ ಮೇಲೆ ಪ್ರೀತಿ ತೋರ್ಸೋಕೆ ಒಂದು ದಾರಿ ಬೇಕು, ಇರೋದು ಅದೊಂದೇ ದಾರಿ ಅಂದ್ಕೊಂಡಿದಾರೆ. "ತರ್ಬೇಡಿ" ಅನ್ನೋ ಬದ್ಲು "ಇದನ್ನ ತನ್ನಿ" ಅಂತ ಹೇಳಿದ್ರೆ ಕೆಲಸ ಆಗುತ್ತೆ. ಸಂಜೆ ತಾತ ಮೊಮ್ಮಗ ಇಬ್ರೂ ಹೋಗಿ ಸೀಬೆಹಣ್ಣೋ ಬಾಳೆಹಣ್ಣೋ ಒಂದು ಪುರಿ ಉಂಡೇನೋ ಅವನ ಕೈಯಲ್ಲೇ ಆರಿಸಿ ತರ್ಲಿ, ದುಡ್ಡೂ ಅವನ ಕೈಯಲ್ಲೇ ಕೊಡ್ಸಲಿ. (ಇಡೀ ಕಡಲೆಬೀಜ ಮಾತ್ರ ಐದು ವರ್ಷ ತುಂಬೋವರೆಗೂ ಬೇಡ, ಗಂಟಲಿಗೆ ಸಿಕ್ಕಿಕೊಳ್ಳುತ್ತೆ. ಪುಡಿ ಮಾಡಿ ಕೊಡಿ.) ಇನ್ನೊಂದು, ಈ ಮಾತನ್ನ ನೀವು ಆಡೋದಕ್ಕಿಂತ ನಿಮ್ಮ ಯಜಮಾನ್ರು ಅವರಪ್ಪನ ಹತ್ರ ಆಡೋದು ವಾಸಿ. ಸೊಸೆ ಹೇಳಿದ್ರೆ ಎದುರು ಮಾತು, ಮಗ ಹೇಳಿದ್ರೆ ಸಲಹೆ, ನಮ್ಮ ಮನೆಗಳು ಹಾಗೇ ಇರೋದು, ಏನ್ ಮಾಡೋಣ.

ಮೊಬೈಲ್ ಒಂದೇ ದಿನಕ್ಕೆ ಮೂರು ಹೊತ್ತೂ ಕಿತ್ಕೊಂಡ್ರೆ ಮನೆ ರಣರಂಗ ಆಗುತ್ತೆ. ಬೆಳಿಗ್ಗೆ ತಿಂಡಿಗೆ ಮಾತ್ರ ಮೊದ್ಲು ನಿಲ್ಸಿ, ಅದೂ ಮನೇಲಿ ಎಲ್ರದ್ದೂ, ಅಪ್ಪ ರೀಲ್ಸ್ ನೋಡ್ತಾ ದೋಸೆ ತಿಂತಾ ಮಗನಿಗೆ ಫೋನ್ ಬೇಡ ಅಂದ್ರೆ ಯಾವ ಮಗು ಕೇಳುತ್ತೆ. ಏನು ಬಡಿಸ್ಬೇಕು, ಎಷ್ಟೊತ್ತಿಗೆ ಬಡಿಸ್ಬೇಕು ಅನ್ನೋದು ನಿಮ್ಮ ಕೆಲ್ಸ, ಎಷ್ಟು ತಿನ್ಬೇಕು ಅನ್ನೋದು ಅವನಿಗೆ ಬಿಡಿ. ಇಪ್ಪತ್ತು ಇಪ್ಪತ್ತೈದು ನಿಮಿಷ ಆದ್ಮೇಲೆ ಬೈದೇ ತಟ್ಟೆ ಎತ್ತಿ. ಮುಂದಿನ ಹೊತ್ತಿನವರೆಗೂ ನಡುವೆ ಬಿಸ್ಕತ್ತು ಕೊಡ್ಬೇಡಿ, ಕಷ್ಟ ಇರೋದು ಅಲ್ಲೇ.

ಪಲ್ಯಕ್ಕೆ ಬಂದ್ರೆ, ಹೊಸ ರುಚಿ ಮಕ್ಕಳಿಗೆ ಒಗ್ಗೋಕೆ ಹತ್ತು ಹದಿನೈದು ಸಲ ಬೇಕಾಗುತ್ತೆ. ನಾವು ಎರಡ್ ಸಲ ಹಾಕಿ, ಮೂರನೇ ಸಲ "ಇವನು ಬೀನ್ಸ್ ತಿನ್ನಲ್ಲ" ಅಂತ ತೀರ್ಪು ಕೊಟ್ಟು, ಅವನ ಎದುರಿಗೇ ನೆಂಟ್ರಿಗೂ ಹೇಳಿಬಿಡ್ತೀವಿ, ಅಲ್ಲಿಗೆ ಅದು ಅವನ ಬಿರುದು ಆಗೋಗುತ್ತೆ. ತಟ್ಟೆ ಮೂಲೇಲಿ ಒಂದೇ ಚಮಚ ಹಾಕಿ, ಏನೂ ಹೇಳ್ಬೇಡಿ, ಮುಟ್ಟದಿದ್ರೆ ನೀವೇ ತಿನ್ನಿ. "ಪಲ್ಯ ತಿಂದ್ರೆ ಚಾಕ್ಲೇಟ್" ಅನ್ನೋದು ಮಾತ್ರ ಬೇಡವೇ ಬೇಡ, ಚಾಕ್ಲೇಟ್ ಬಹುಮಾನ ಆದ್ರೆ ಪಲ್ಯ ಶಿಕ್ಷೆ ಅಂತ ನಾವೇ ಕಲಿಸ್ದಂಗೆ.

ಇನ್ನು ಸಣ್ಣ ಅಂತ ಬೈಯೋರು. ಸಣ್ಣ ಅಂತ ಯಾವ ತಕ್ಕಡೀಲಿ ತೂಗಿದ್ರು? ಅಂಗನವಾಡಿಗೆ ಕರ್ಕೊಂಡ್ ಹೋಗಿ ತೂಕ, ಎತ್ತರ ಎರಡೂ ನೋಡ್ಸಿ, ಚಾರ್ಟಲ್ಲಿ ಎಲ್ಲಿದಾನೆ ಅಂತ ಟೀಚರ್ ತೋರಿಸ್ತಾರೆ. ಹೋಗುವಾಗ ಮಾವನ್ನೂ ಕರ್ಕೊಂಡ್ ಹೋಗಿ. ಅವರ ಎದುರಿಗೇ ತೂಗಿಸಿದ್ರೆ ಅರ್ಧ ವಾದ ಅಲ್ಲೇ ಮುಗಿಯುತ್ತೆ.

ಪ್ರಶ್ನೆ: ನಮಸ್ಕಾರ್ರಿ ಮೇಡಂ. ನಾನು ಕೊಪ್ಪಳ ಕಡೆ ಒಂದು ಹಳ್ಳಿಯೊಳಗ ಅಂಗನವಾಡಿ ಟೀಚರ್ ಅದೀನ್ರಿ. ತಿಂಗಳಾ ತಾಯಂದಿರ ಸಭೆ ಮಾಡ್ತೀನಿ, ಬರ್ತಾರ, ಕುಂದರ್ತಾರ, ಸಹಿ ಮಾಡ್ತಾರ, ಪೌಡರ್ ಪಾಕೀಟ ತಗೊಂಡ್ ಹೋಗ್ತಾರ. ಚಾರ್ಟ್ ತೋರ್ಸಿ ತೋರ್ಸಿ ನನಗ ಸಾಕಾಗೇತಿ. ಆ ಪೌಡರ್ ಮನ್ಯಾಗ ಎಲ್ಲಾರೂ ತಿಂತಾರ, ಒಮ್ಮೊಮ್ಮೆ ಎಮ್ಮಿಗೂ ಹಾಕ್ತಾರ್ರಿ. ಕೂಸಿನ ತೂಕ ಮಾತ್ರ ಏರವಲ್ದು. ಕೇಳಿದ್ರ "ನಮ್ಮತ್ತಿ ಒಲ್ಲೆ ಅಂತಾಳ್ರಿ" ಅಂತಾರ. ನಾ ಏನ್ ಮಾಡ್ಬೇಕ್ರಿ?

ಉತ್ತರ: ಟೀಚರೇ, ಉತ್ತರ ನಿಮ್ಮ ಕಾಗದದ ಕೊನೇ ಸಾಲಲ್ಲೇ ಇದೆ. ಅತ್ತೆ ಒಲ್ಲೆ ಅಂತಾರೆ ಅಂದ್ರೆ ಆ ಮನೇಲಿ ಡಬ್ಬಿ ಬೀಗದ ಕೈ ಅತ್ತೆ ಸೊಂಟದಲ್ಲಿದೆ ಅಂತ. ನಾವು ಸಭೆಗೆ ಕರೆಯೋದು ಸೊಸೇನ. ಅವಳಿಗೆ ಗೊತ್ತಿಲ್ದೆ ಇರೋದು ಏನೂ ಇಲ್ಲ, ನೀವು ಹೇಳೋ ಐದು ಬಣ್ಣದ ತರಕಾರಿ ಪಾಠ ಅವಳಿಗೆ ಬಾಯಿಪಾಠ ಆಗಿರುತ್ತೆ, ಆದ್ರೆ ಸಂತೇಲಿ ಏನು ತರ್ಬೇಕು ಅಂತ ನಿರ್ಧಾರ ಮಾಡೋನು ಗಂಡ, ಒಲೆ ಮೇಲೆ ಏನು ಇಡ್ಬೇಕು ಅಂತ ಹೇಳೋಳು ಅತ್ತೆ. ಕೈಯಲ್ಲಿ ಅಧಿಕಾರ ಇಲ್ದೋರಿಗೆ ಉಪದೇಶ ಮಾಡಿ, ಅಧಿಕಾರ ಇರೋರನ್ನ ಮನೇಲಿ ಬಿಟ್ಟು ಬಂದಿದೀವಿ. ನಮ್ಮ ರಾಜ್ಯದಲ್ಲಿ ಈ ಅಂಗನವಾಡಿ ಕೆಲ್ಸ ಶುರುವಾಗಿದ್ದು 1975ರ ಅಕ್ಟೋಬರ್ 2ಕ್ಕೆ, ಮೈಸೂರು ಜಿಲ್ಲೆ ಟಿ. ನರಸೀಪುರದಲ್ಲಿ ನೂರು ಕೇಂದ್ರಗಳಿಂದ. ಅರ್ಧ ಶತಮಾನದಿಂದ ತಾಯಂದಿರ ಸಭೆ ನಡೀತಾ ಇದೆ, ಅತ್ತೆಯರ ಸಭೆ ಎಷ್ಟು ಊರಲ್ಲಿ ಆಗಿದೆ ಹೇಳಿ?

ಅಪೌಷ್ಟಿಕತೆ ಕಮ್ಮಿ ಮಾಡೋಕೆ ಅಂತ ಕೇಂದ್ರ ಸರ್ಕಾರದ ಪೋಷಣ್ ಅಭಿಯಾನ 2018ರಲ್ಲಿ ಬಂದಾಗ ತಿಂಗಳಿಗೆ ಎರಡು ಸಲ ಊರಿನವರನ್ನ ಸೇರ್ಸಿ ಕಾರ್ಯಕ್ರಮ ಮಾಡ್ಬೇಕು ಅಂತ ಇಟ್ರು, ಸೀಮಂತ, ಅನ್ನಪ್ರಾಶನ ಎಲ್ಲ ನೀವು ಮಾಡ್ತಾನೇ ಇರ್ತೀರಿ, ಒಂದಕ್ಕೆ 250 ರೂಪಾಯಿ ಅಂತ ಖರ್ಚಿಗೂ ಇಟ್ಟಿದ್ರು. ಅದೇ ಪಟ್ಟೀಲಿ ಸುಪೋಷಣ ದಿವಸ ಅಂತ ಇದೆ ನೋಡಿ, ಅದು ಇರೋದೇ ಗಂಡಂದಿರನ್ನ ಕೂರಿಸ್ಕೊಂಡು ಮಾತಾಡೋಕೆ. ಎಷ್ಟೋ ಕಡೆ ಅದರಲ್ಲೂ ಹೆಂಗಸ್ರೇ ಕೂತಿರ್ತಾರೆ, ಫೋಟೋದಲ್ಲಿ ಒಬ್ಬ ಗಂಡಸು ಇದ್ರೆ ಅದು ಪಂಚಾಯ್ತಿ ಮೆಂಬರ್ರು.

ಟೈಮೂ ಮುಖ್ಯ. ಹಗಲು ಹನ್ನೊಂದಕ್ಕೆ ಸಭೆ ಇಟ್ರೆ ಕೂಲಿಗೆ ಹೋಗೋರು ಬರಲ್ಲ, ಕೂಸಿನ ತೂಕ ಏರದೇ ಇರೋದು ಅವರ ಮನೇಲೇ. ನಿಮ್ಮ ಕಡೆ ಅಮವಾಸ್ಯೆ ದಿನ ಹೊಲದ ಕೆಲ್ಸ ನಿಲ್ಸಿರ್ತಾರಲ್ಲ, ಆವತ್ತು ಇಡಿ, ಸಂಜೆ ಮುಂದೆ ಇಡಿ. ಚಾರ್ಟ್ ಗೋಡೇಲೇ ಇರ್ಲಿ. ಒಲೆ ಹಚ್ಚಿ.

ಒಂದು ಊರಲ್ಲಿ ನಾನು ಕಣ್ಣಾರೆ ಕಂಡಿದ್ದು ಹೇಳ್ತೀನಿ. ಹೆಸರುಕಾಳು ಮೊಳಕೆ ಬರಿಸಿ ಕೂಸಿಗೆ ಮೆತ್ತಗೆ ಕುದಿಸಿ ಕೊಡೋದನ್ನ ತೋರಿಸ್ತಾ ಇದ್ವಿ. ಒಬ್ರು ಅತ್ತೆ ಎದ್ದೇ ಬಿಟ್ರು, "ಕೂಸಿಗೆ ಕಾಳು ಹಾಕಿದ್ರ ಹೊಟ್ಟಿ ಉಬ್ಬತೈತಿ, ನೀವೇನ್ ಹೇಳ್ತೀರಿ" ಅಂತ. ನಾನು ಬಾಯಿ ತೆಗೆಯೋಕೆ ಮುಂಚೆ ಹಿಂದೆ ಕೂತಿದ್ದ ಇನ್ನೊಬ್ಬ ಮುದುಕಿ "ಸಿಪ್ಪಿ ತಿಕ್ಕಿ ತಗಿಬೇಕವ್ವ, ನನ್ ಮೊಮ್ಮಗಳಿಗೆ ಹಾಕೇನಿ, ಏನೂ ಆಗಿಲ್ಲ" ಅಂತ ಮುಂದೆ ಬಂದು, ನೆನೆದ ಕಾಳನ್ನ ಅಂಗೈಲಿ ತಿಕ್ಕಿ, ನೀರಲ್ಲಿ ಸಿಪ್ಪೆ ತೇಲಿಸಿ, ಚೆಲ್ಲಿ ತೋರ್ಸಿದ್ರು. ಅದಾದ್ಮೇಲೆ ನಾವು ಹೇಳೋಕೆ ಏನೂ ಉಳೀಲಿಲ್ಲ. ಒಬ್ಬ ಅತ್ತೆ ಮಾತು ಇನ್ನೊಬ್ಬ ಅತ್ತೆಗೆ ನಾಟೋವಷ್ಟು ನನ್ನ ಡಿಗ್ರಿ ನಾಟಲ್ಲ.

ಇದು ನಮ್ಮ ಊರಿನ ಕಥೆ ಮಾತ್ರ ಅಲ್ಲ. 1990ರ ಕೊನೇಲಿ ಜೆರ್ರಿ ಸ್ಟರ್ನಿನ್, ಮೊನಿಕ್ ಸ್ಟರ್ನಿನ್ ಅನ್ನೋ ಗಂಡ ಹೆಂಡ್ತಿ ಸೇವ್ ದ ಚಿಲ್ಡ್ರನ್ ಸಂಸ್ಥೆ ಪರವಾಗಿ ವಿಯೆಟ್ನಾಂಗೆ ಹೋದ್ರು, ಸರ್ಕಾರ ಅವರಿಗೆ ಕೊಟ್ಟಿದ್ದು ಆರೇ ತಿಂಗಳು, ಅಷ್ಟರಲ್ಲಿ ಏನಾದ್ರೂ ಮಾಡಿ ತೋರ್ಸಿ ಅಂತ. ಅವರು ಥಾನ್ ಹೋವಾ ಅನ್ನೋ ಪ್ರಾಂತ್ಯದ ಹಳ್ಳಿಗಳಲ್ಲಿ ಮಕ್ಕಳನ್ನೆಲ್ಲ ತೂಗಿಸಿ ಕೇಳಿದ ಪ್ರಶ್ನೆ ಒಂದೇ: ಕಡು ಬಡವರ ಮನೇಲೂ ಚೆನ್ನಾಗಿ ಬೆಳೀತಿರೋ ಮಗು ಇದೆಯಾ? ಇತ್ತು. ಆ ಮನೆಗಳಲ್ಲಿ ಏನು ಮಾಡ್ತಿದಾರೆ ನೋಡಿದ್ರೆ, ಗದ್ದೇಲಿ ಸಿಗೋ ಸಣ್ಣ ಸಿಗಡಿ, ಏಡಿ, ಗೆಣಸಿನ ಸೊಪ್ಪು ಅನ್ನಕ್ಕೆ ಸೇರಿಸ್ತಿದ್ರು. ಬೇರೆಯವ್ರು ಅದು ಮಕ್ಕಳಿಗೆ ಆಗಲ್ಲ ಅಂತ ಬಿಟ್ಟಿದ್ರು, ಅದೇ ಗದ್ದೆ, ಅದೇ ನೀರು. ಜೊತೆಗೆ ದಿನಕ್ಕೆ ಎರಡು ಸಲದ ಬದ್ಲು ಸ್ವಲ್ಪ ಸ್ವಲ್ಪ ಹೆಚ್ಚು ಸಲ ತಿನ್ನಿಸ್ತಿದ್ರು, ತಿನ್ನಿಸೋ ಮುಂಚೆ ಕೈ ತೊಳೀತಿದ್ರು. ಆಮೇಲೆ ಅವರು ಭಾಷಣ ಮಾಡ್ಲಿಲ್ಲ. ಎರಡು ವಾರ ತಾಯಂದಿರು ಒಂದು ಮನೇಲಿ ಸೇರಿ ಅಡುಗೆ ಮಾಡಿ ಮಕ್ಕಳಿಗೆ ತಿನ್ನಿಸ್ಬೇಕು, ಬರೋವಾಗ ಪ್ರವೇಶ ಫೀಸು ಅಂತ ಒಂದು ಹಿಡಿ ಸಿಗಡಿನೋ ಸೊಪ್ಪೋ ತಾವೇ ಹುಡುಕಿ ತರ್ಬೇಕು ಅಂತ ಮಾಡಿದ್ರು. ಹದಿನೈದು ದಿನ ಕೈ ರೂಢಿ ಆದ್ಮೇಲೆ ಮನೇಲೂ ಅದೇ ನಡೀತು.

ನೀವೂ ನಿಮ್ಮ ರಿಜಿಸ್ಟರ್ ತೆಗ್ದು ನೋಡಿ. ಅದೇ ಕೂಲಿ, ಅದೇ ಓಣಿ, ಆದ್ರೂ ಕೂಸಿನ ತೂಕ ಚಾರ್ಟಿನ ಹಸಿರು ಪಟ್ಟೇಲೇ ಇರೋ ಮನೆ ಒಂದೆರಡು ಇದ್ದೇ ಇರುತ್ತೆ. ಅಲ್ಲಿ ಹೋಗಿ ಕೂತ್ಕೊಳ್ಳಿ, ಏನು ಬೇಯ್ತಿದೆ ನೋಡಿ. ರೊಟ್ಟಿನ ಬಿಸಿ ಹಾಲಲ್ಲೋ ಬೇಳೆ ಕಟ್ಟಲ್ಲೋ ಕಿವುಚಿ ಕೊಡ್ತಿರ್ಬಹುದು, ಶೇಂಗಾ ಪುಡಿ ಅನ್ನಕ್ಕೆ ಕಲಸ್ತಿರ್ಬಹುದು, ನುಗ್ಗೆ ಸೊಪ್ಪು ಬಿಡದೇ ಬೇಳೆಗೆ ಹಾಕ್ತಿರ್ಬಹುದು. ಆ ಮನೆ ಹೆಣ್ಮಗಳಿಂದಾನೇ, ಆಗೋದಾದ್ರೆ ಅವಳ ಅತ್ತೆಯಿಂದ, ಮುಂದಿನ ಸಭೇಲಿ ಅಡುಗೆ ಮಾಡ್ಸಿ. ಎಲ್ರೂ ಒಂದೊಂದು ಹಿಡಿ ಏನಾದ್ರೂ ತರ್ಲಿ.

ಪೌಡರ್ ಎಲ್ರೂ ತಿಂತಾರೆ ಅಂದ್ರಿ. ಮೂರು ಮಕ್ಕಳಿರೋ ಮನೇಲಿ ಒಬ್ಬನಿಗೆ ಮಾತ್ರ ಅಂತ ಯಾವ ತಾಯಿ ಬಚ್ಚಿಡ್ತಾಳೆ ಹೇಳಿ, ಅದಕ್ಕೆ ಬೈದು ಪ್ರಯೋಜನ ಇಲ್ಲ. ಆದ್ರೆ ಕೂಸಿಗೆ ಅಂತ ಬೇರೆ ಒಂದು ಬಟ್ಟಲು ಇಡ್ಸಿ. ದೊಡ್ಡೋರ ತಟ್ಟೇಲಿ ಜೊತೆಗೆ ತಿಂದ್ರೆ ಕೂಸು ಎಷ್ಟು ತಿಂತು ಅಂತ ಯಾರಿಗೂ ಗೊತ್ತಾಗಲ್ಲ, ಬಟ್ಟಲಿದ್ರೆ ಅರ್ಧ ಉಳೀತು ಅನ್ನೋದಾದ್ರೂ ಕಾಣುತ್ತೆ. ಚಹಾ ಒಂದನ್ನ ಮಾತ್ರ ಗಟ್ಟಿಯಾಗಿ ಹೇಳಿ. ಎರಡು ವರ್ಷದ ಕೂಸಿಗೂ ಬೆಳಿಗ್ಗೆ ಚಹಾದಲ್ಲಿ ಬಿಸ್ಕತ್ತು ಅದ್ದಿ ಕೊಡೋ ರೂಢಿ ನಿಮ್ಮ ಕಡೆನೂ ಇದೆ, ನಮ್ಮ ಕಡೆನೂ ಇದೆ. ಚಹಾ ಊಟದಲ್ಲಿರೋ ಕಬ್ಬಿಣದ ಅಂಶ ಮೈಗೆ ಸೇರೋದನ್ನ ತಡೆಯುತ್ತೆ. 2019ರಿಂದ 21ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೇಲಿ ನಮ್ಮ ರಾಜ್ಯದ ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 65ಕ್ಕೂ ಹೆಚ್ಚು ಮಕ್ಕಳಿಗೆ ರಕ್ತಹೀನತೆ ಇತ್ತು, ಐದು ವರ್ಷದೊಳಗಿನವ್ರಲ್ಲಿ ಮೂರರಲ್ಲಿ ಒಂದು ಮಗು ವಯಸ್ಸಿಗೆ ತಕ್ಕ ಎತ್ತರ ಇರ್ಲಿಲ್ಲ.

ಕೂಸಿನ ತೋಳಿನ ಸುತ್ತಳತೆ ನೋಡೋ ಬಣ್ಣದ ಪಟ್ಟಿ ಇದೆಯಲ್ಲ, ಅದರಲ್ಲಿ ಅಳೆಯೋದು ತಾಯಂದಿರಿಗೂ ಅತ್ತೆಯರಿಗೂ ಕಲಿಸಿ, ಅಕ್ಷರ ಬೇಕಾಗಿಲ್ಲ, ಬಣ್ಣ ಗೊತ್ತಾದ್ರೆ ಸಾಕು. ಆರು ತಿಂಗಳಿಂದ ಐದು ವರ್ಷದೊಳಗಿನ ಕೂಸಿಗೆ 12.5 ಸೆಂಟಿಮೀಟರ್‌ಗಿಂತ ಕಮ್ಮಿ ಬಂದ್ರೆ ಹಳದಿ, 11.5ಕ್ಕಿಂತ ಕಮ್ಮಿ ಬಂದ್ರೆ ಕೆಂಪು. ಕೆಂಪು ಬಂದ್ರೆ, ಇಲ್ಲಾ ಎರಡೂ ಪಾದ ಊದಿದ್ರೆ, ಶೇಂಗಾ ಪುಡಿ ನುಗ್ಗೆ ಸೊಪ್ಪು ಅಂತ ಕಾಯ್ಬೇಡಿ, ಆಶಾ ಕಾರ್ಯಕರ್ತೇನ ಕರ್ಕೊಂಡು ಅದೇ ದಿನ ಆಸ್ಪತ್ರೆಗೆ, ಅಲ್ಲಿಂದ ಪೌಷ್ಟಿಕ ಪುನಶ್ಚೇತನ ಕೇಂದ್ರಕ್ಕೆ. ಸಾಮಾನ್ಯವಾಗಿ 14 ದಿನ ಇರಿಸ್ಕೋತಾರೆ, ಜೊತೆಗಿರೋ ತಾಯಿಗೆ ಕೂಲಿ ನಷ್ಟಕ್ಕೆ ದಿನದ ಲೆಕ್ಕದಲ್ಲಿ ಹಣವೂ ಇದೆ. ಆದ್ರೂ ತಾಯಂದಿರು ಹೋಗಲ್ಲ, ಯಾಕಂದ್ರೆ ಮನೇಲಿ ಉಳಿದ ಮಕ್ಕಳಿಗೆ ರೊಟ್ಟಿ ಬಡಿಯೋರು ಯಾರು? ಮತ್ತೆ ಅದೇ ಅತ್ತೆ, ಅದೇ ಗಂಡ. ಅವರನ್ನ ಮೊದಲೇ ಸಭೇಲಿ ಕೂರ್ಸಿದ್ರೆ ಆ ಹದಿನಾಲ್ಕು ದಿನಕ್ಕೆ ದಾರಿ ಆಗುತ್ತೆ.

ಪ್ರಶ್ನೆ: ಮೇಡಂ, ನಾವು ಮನೇಲಿ ಮೊಟ್ಟೆ ಮುಟ್ಟೋರಲ್ಲ. ಮಗಳು ಸರ್ಕಾರಿ ಶಾಲೆ ನಾಲ್ಕನೇ ಕ್ಲಾಸು, ಫ್ರೆಂಡ್ಸ್ ಎಲ್ಲ ತಿಂತಾರೆ ನಂಗೂ ಬೇಕು ಅಂತಾಳೆ. ಶಾಲೇಲಿ ಕಡ್ಡಾಯನಾ? ನಾವು ಏನು ಮಾಡೋದು? – ದಾವಣಗೆರೆ ಓದುಗ

ಉತ್ತರ: ಕಡ್ಡಾಯ ಇಲ್ಲ ಸಾರ್. ಬೇಡ ಅಂದವ್ರಿಗೆ ಬಾಳೆಹಣ್ಣು ಕೊಡ್ತಾರೆ. 2021ರ ಡಿಸೆಂಬರ್‌ನಲ್ಲಿ ಕಲ್ಯಾಣ ಕರ್ನಾಟಕದ ಕಡೆ ಏಳು ಜಿಲ್ಲೆಗಳಲ್ಲಿ ಮೊದ್ಲು ಶುರು ಮಾಡ್ದಾಗ ದೊಡ್ಡ ಗಲಾಟೆನೇ ಆಯ್ತು, ಆಗ ಗಂಗಾವತಿಯ ಶಾಲಾ ಹುಡುಗಿ ಒಬ್ಬಳು ನಮಗೆ ಮೊಟ್ಟೆ ಬೇಕು ಅಂತ ಜೋರಾಗಿ ಕೇಳಿದ ವಿಡಿಯೋ ಎಲ್ರೂ ನೋಡಿರ್ತೀರಿ. ಆಮೇಲೆ ಇಡೀ ರಾಜ್ಯಕ್ಕೆ ಬಂತು, 2024ರ ಸೆಪ್ಟೆಂಬರ್‌ನಿಂದ ಅಜೀಂ ಪ್ರೇಮ್‌ಜಿ ಫೌಂಡೇಶನ್ ಸಹಾಯದಲ್ಲಿ ವಾರಕ್ಕೆ ಆರು ದಿನ ಅಂತ ಆಯ್ತು.

ನಿಮ್ಮ ಮನೆ ಪದ್ಧತಿ ನಿಮ್ಮದು, ನಾನು ಅದರಲ್ಲಿ ಕೈ ಹಾಕಲ್ಲ. ಒಂದು ಮೊಟ್ಟೇಲಿ ಸುಮಾರು ಆರು ಗ್ರಾಂ ಪ್ರೋಟೀನ್ ಇರುತ್ತೆ, ಬಿ 12 ಇರುತ್ತೆ, ಅದನ್ನ ಬಿಡೋದಾದ್ರೆ ಬೇರೆ ದಾರೀಲಿ ಬರ್ಬೇಕು ಅಷ್ಟೇ: ದಿನಾ ಎರಡು ಲೋಟ ಹಾಲು ಮೊಸರು, ಎರಡೂ ಹೊತ್ತು ಗಟ್ಟಿ ಬೇಳೆನೋ ಕಾಳೋ, ಬರೀ ತಿಳಿ ಸಾರು ಅಲ್ಲ. ಶಾಲೇಲಿ ಕೊಡೋ ಕ್ಷೀರಭಾಗ್ಯದ ಹಾಲು 150 ಎಂ.ಎಲ್. ಇರುತ್ತೆ, 2024ರ ಫೆಬ್ರವರಿಯಿಂದ ರಾಗಿ ಮಾಲ್ಟೂ ಸೇರಿದೆ, ಅದನ್ನ ಚೆಲ್ಲದೇ ಕುಡೀತಾಳಾ ಕೇಳಿ. ಆದ್ರೆ ಮಗಳಿಗೆ "ಅದು ಗಲೀಜು, ತಿನ್ನೋರು ಅಂಥವ್ರು ಇಂಥವ್ರು" ಅಂತ ಮಾತ್ರ ಹೇಳ್ಬೇಡಿ. ಪಕ್ಕದಲ್ಲಿ ಕೂತು ತಿನ್ನೋ ಗೆಳತಿಗೆ ಅದು ಎಷ್ಟೋ ಸಲ ದಿನದ ಒಳ್ಳೇ ಊಟ ಅದೊಂದೇ. ಶಾಲೇಲಿ ಒಂದೇ ಸಾಲಲ್ಲಿ ಕೂತು ತಿನ್ನೋದು ಮೊಟ್ಟೆಗಿಂತ ದೊಡ್ಡದು ಅಂತ ನನ್ನ ಅಭಿಪ್ರಾಯ, ಒಪ್ಪೋದು ಬಿಡೋದು ನಿಮಗೆ ಬಿಟ್ಟಿದ್ದು.

ಪ್ರಶ್ನೆ: ಅವ್ವ, ನಾನು ಮಂಡ್ಯ ತಾವ ಹಳ್ಳಿಯೋಳು, ಮೊಮ್ಮಗಳ ಕೈಲಿ ಬರೆಸ್ತಾ ಇವ್ನಿ. ನಮ್ಮ ಸೊಸೆಗೆ ಏಳ್ ತಿಂಗಳ ಕೂಸದೆ. ನಾನು ರಾಗಿ ಸರಿ ಮಾಡಿ ಕೊಡಾನ ಅಂದ್ರೆ ಟಿವಿಲಿ ಬರೋ ಡಬ್ಬಿನೇ ಬೇಕು ಅಂತವ್ಳೆ. ನಾನ್ ನಾಕ್ ಮಕ್ಳು ಸಾಕಿವ್ನಿ. ಯಾರ್ದು ಸರಿ ನೀನೇ ಹೇಳವ್ವ.

ಉತ್ತರ: ಅಜ್ಜಿ, ರಾಗಿ ವಿಷ್ಯದಲ್ಲಿ ನೀವೇ ಗೆದ್ರಿ. ನೂರು ಗ್ರಾಂ ರಾಗೀಲಿ 300 ಮಿಲಿಗ್ರಾಂಗಿಂತ ಹೆಚ್ಚು ಕ್ಯಾಲ್ಸಿಯಂ ಇದೆ, ಬೇರೆ ಯಾವ ಧಾನ್ಯದಲ್ಲೂ ಅಷ್ಟಿಲ್ಲ. ಅದೂ ನೀವು ಮೊಳಕೆ ಕಟ್ಟಿ, ಒಣಗಿಸಿ, ಬೀಸಿ, ಬಟ್ಟೇಲಿ ಸೋಸಿದ ಹಿಟ್ಟಾದ್ರೆ ಇನ್ನೂ ವಾಸಿ, ಮೊಳಕೆ ಬಂದಾಗ ಹಿಟ್ಟಿನ ಗಂಜಿ ಅಂಶ ಒಡೆದು ಸರಿ ಬೇಗ ಗಟ್ಟಿ ಆಗಲ್ಲ, ಅದೇ ಬಟ್ಟಲಲ್ಲಿ ಜಾಸ್ತಿ ಹಿಟ್ಟು ಹಿಡಿಸ್ಬಹುದು, ಕೂಸಿನ ಸಣ್ಣ ಹೊಟ್ಟೆಗೆ ಶಕ್ತಿ ಜಾಸ್ತಿ ಹೋಗುತ್ತೆ.

ಆದ್ರೆ ಸೊಸೆಗೂ ಸ್ವಲ್ಪ ಮಾರ್ಕ್ಸ್ ಕೊಡ್ತೀನಿ, ಬೇಜಾರ್ ಮಾಡ್ಕೋಬೇಡಿ. ನಿಮ್ಮ ಕಾಲದಲ್ಲಿ ಸರಿನ ಕುಡಿಯೋ ಹಂಗೆ ನೀರಾಗಿ ಮಾಡೋರು, ಬೆಲ್ಲ ಉಪ್ಪು ಹಾಕೋರು, ನಾಲಿಗೆಗೆ ಜೇನು ನೆಕ್ಕಿಸೋರು. ಸರಿ ಚಮಚದಲ್ಲಿ ಎತ್ತಿದ್ರೆ ಜಾರಿ ಬೀಳ್ಬಾರ್ದು, ನಿಲ್ಬೇಕು. ವರ್ಷ ತುಂಬೋವರೆಗೆ ಜೇನು ಬೇಡವೇ ಬೇಡ, ಉಪ್ಪೂ ಬೇಡ, ಬೆಲ್ಲ ಸಕ್ಕರೆ ಎರಡು ವರ್ಷದವರೆಗೂ ದೂರ ಇಡಿ, ಕೂಸಿಗೆ ಸಪ್ಪೆ ಅನ್ನೋದು ನಮ್ಮ ನಾಲಿಗೆ ಮಾತು. ಬರೀ ರಾಗಿ ಸಾಲ್ದು, ಒಂದ್ ಹೊತ್ತು ರಾಗಿ, ಇನ್ನೊಂದ್ ಹೊತ್ತು ಅನ್ನ ಹೆಸರುಬೇಳೆ ಸೊಪ್ಪು ನುಣ್ಣಗೆ ಮಾಡಿ ಚಮಚ ತುಪ್ಪ ಹಾಕಿ. ಈಗ ದಿನಕ್ಕೆ ಎರಡು ಮೂರು ಸಲ, ಒಂಬತ್ತು ತಿಂಗಳಾದ್ಮೇಲೆ ಮೂರು ನಾಲ್ಕು ಸಲ. ಎದೆ ಹಾಲು ಎರಡು ವರ್ಷ ತುಂಬೋವರೆಗೂ ಇರ್ಲಿ.

ಟಿವಿ ಡಬ್ಬಿಗೆ ದುಡ್ಡು ಹಾಕೋ ಅಗತ್ಯ ಇಲ್ಲ. ಸ್ವಲ್ಪ ದೊಡ್ಡ ಮಕ್ಕಳಿಗೆ ಹಾಲಿಗೆ ಕಲಸೋ ಪುಡಿಗಳ ಬಗ್ಗೆ ಇನ್ನೂ ಐದಾರು ಜನ ಕೇಳಿದೀರಿ, ಅವ್ರಿಗೂ ಇದೇ ಉತ್ತರ: 2024ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರವೇ ಆನ್‌ಲೈನ್ ಅಂಗಡಿಗಳಿಗೆ ಇವನ್ನೆಲ್ಲ ಹೆಲ್ತ್ ಡ್ರಿಂಕ್ ಅನ್ನೋ ಹೆಸರಿನ ಕೆಳಗೆ ಮಾರ್ಬೇಡಿ ಅಂತ ಹೇಳ್ತು, ನಮ್ಮ ಕಾನೂನಲ್ಲಿ ಹಾಗೊಂದು ವರ್ಗವೇ ಇಲ್ಲ. ಡಬ್ಬಿ ಹಿಂದೆ ಸಕ್ಕರೆ ಎಷ್ಟಿದೆ ಓದಿ, ಸಾಕು.

ಪ್ರಶ್ನೆ: ಹಾಯ್ ಮೇಡಂ, ಬೆಂಗಳೂರಲ್ಲಿ ಅಪಾರ್ಟ್‌ಮೆಂಟಲ್ಲಿದೀವಿ. ಮಗನಿಗೆ ಹತ್ತು ವರ್ಷ, ಡಾಕ್ಟ್ರು ತೂಕ ತುಂಬಾ ಜಾಸ್ತಿ ಅಂದಿದಾರೆ. ಅವನಿಗೆ ಮಾತ್ರ ಚಪಾತಿ, ಸೌತೆಕಾಯಿ ಅಂತ ಡಯಟ್ ಶುರು ಮಾಡಿದೀವಿ, ಅಕ್ಕ ಸಣ್ಣ ಇದಾಳೆ ಅವಳಿಗೆ ಏನೂ ಪ್ರಾಬ್ಲಂ ಇಲ್ಲ ಅಂತ ಅವಳು ಪಿಜ್ಜಾ ತಿಂತಾಳೆ. ಅವನು ರಾತ್ರಿ ಕದ್ದು ತಿಂತಾನೆ. ನೆಂಟ್ರೆಲ್ಲ ಗುಂಡ ಅಂತ ಕರೀತಾರೆ.

ಉತ್ತರ: ಕದ್ದು ತಿನ್ನದೇ ಇನ್ನೇನ್ ಮಾಡ್ತಾನೆ ಪಾಪ. ಒಂದೇ ಟೇಬಲ್ಲಲ್ಲಿ ಅಕ್ಕನ ಮುಂದೆ ಪಿಜ್ಜಾ, ಇವನ ಮುಂದೆ ಸೌತೆಕಾಯಿ, ದೊಡ್ಡೋರಿಗೇ ಆಗಲ್ಲ. ಹತ್ತು ವರ್ಷದ ಬೆಳೆಯೋ ಹುಡುಗನಿಗೆ ಡಯಟ್ ಅನ್ನೋ ಪದವೇ ಬೇಡ, ಡಾಕ್ಟ್ರು ಹೇಳಿದ ಟೆಸ್ಟ್ ಏನಾದ್ರೂ ಇದ್ರೆ ಮಾಡ್ಸಿ, ಉಳಿದಿದ್ದು ಮನೆ ಅಡುಗೆಮನೆ ಬದಲಾಗ್ಬೇಕು, ಅವನೊಬ್ಬ ಅಲ್ಲ. ಅಕ್ಕ ಸಣ್ಣ ಇದಾಳೆ ಅಂದ್ರೆ ಅವಳಿಗೆ ಪಿಜ್ಜಾ ಒಳ್ಳೇದು ಅಂತೇನೂ ಅಲ್ವಲ್ಲ. ಕೋಲಾ ಬಾಟ್ಲಿ ಫ್ರಿಡ್ಜಲ್ಲಿ ಇದ್ರೆ ಎಲ್ರಿಗೂ ಇರುತ್ತೆ, ಇಲ್ಲದಿದ್ರೆ ಯಾರ್ಗೂ ಇಲ್ಲ. ವಾರದಲ್ಲಿ ಆರ್ಡರ್ ಮಾಡೋ ದಿನ ಯಾವ್ದು ಅಂತ ನಾಲ್ಕೂ ಜನ ಕೂತು ತೀರ್ಮಾನ ಮಾಡಿ, ಆ ದಿನ ಅವನೂ ಧಾರಾಳವಾಗಿ ತಿನ್ಲಿ. ಮತ್ತೆ ಗುಂಡ ಅನ್ನೋದನ್ನ ಇವತ್ತಿಂದಾನೇ ನಿಲ್ಲಿಸ್ಬೇಕು, ನೆಂಟ್ರಿಗೆ ನಿಷ್ಠುರ ಆದ್ರೂ ಪರವಾಗಿಲ್ಲ.

ಮನೆ ಆಚೆ ಕೂಡ ನೋಡಿ. ಫ್ರಾನ್ಸ್‌ನ ಉತ್ತರದಲ್ಲಿ ಫ್ಲರ್ಬೆ, ಲಾವೆಂಟಿ ಅಂತ ಎರಡು ಸಣ್ಣ ಊರು, 1992ರಲ್ಲಿ ಅಲ್ಲಿ ಶಾಲೆ ಮಕ್ಕಳಿಗೆ ಊಟದ ಪಾಠ ಶುರು ಮಾಡಿದ್ರು, ಮಕ್ಕಳ ಮೂಲಕ ಮನೆಯವ್ರನ್ನ, ಆಮೇಲೆ ಊರಿನ ಡಾಕ್ಟ್ರು, ಪುರಸಭೆ, ಅಂಗಡಿ, ಆಟದ ಕ್ಲಬ್ಬು ಎಲ್ರನ್ನೂ ಎಳ್ಕೊಂಡ್ರು. ಹನ್ನೆರಡು ವರ್ಷ ಆದ್ಮೇಲೆ ಅಲ್ಲಿ ಅತಿ ತೂಕದ ಮಕ್ಕಳು ನೂರಕ್ಕೆ ಸುಮಾರು 9, ಅಂಥದ್ದೇ ಅಕ್ಕಪಕ್ಕದ ಊರುಗಳಲ್ಲಿ ಸುಮಾರು 18. ಕುತೂಹಲ ಏನಂದ್ರೆ ಮೊದಮೊದಲ ವರ್ಷಗಳಲ್ಲಿ ಬರೀ ಶಾಲೆ ಪಾಠ ಇದ್ದಾಗ ಅಲ್ಲೂ ತೂಕ ಏರ್ತಾನೇ ಇತ್ತು, ಊರೆಲ್ಲ ಸೇರಿದ ಮೇಲೇನೇ ಇಳಿದಿದ್ದು.

ನಿಮ್ಮ ಅಪಾರ್ಟ್‌ಮೆಂಟೂ ಒಂದು ಊರೇ ಅಲ್ವಾ, ಕೆಲವು ಹಳ್ಳಿಗಿಂತ ಜನ ಜಾಸ್ತಿ. ಅಸೋಸಿಯೇಷನ್ ಗ್ರೂಪಲ್ಲಿ ಪಾರ್ಕಿಂಗ್ ಜಗಳ ಮುಗಿದ ಮೇಲೆ ಈ ವಿಷ್ಯ ಎತ್ತಿ. ಬರ್ತ್‌ಡೇಗೆ ಚಿಪ್ಸು ಜ್ಯೂಸು ಬಿಟ್ಟು ಇಡ್ಲಿ, ಹಣ್ಣು, ಚುರುಮುರಿ ಇಡೋಣ ಅಂತ ನಾಲ್ಕು ಮನೆ ಒಪ್ಪಿದ್ರೂ ನಿಮ್ಮ ಮಗ ಒಂಟಿ ಆಗಲ್ಲ. ಶಾಲೆ ಗೇಟಿಂದ 50 ಮೀಟರ್ ಒಳಗೆ ಕೊಬ್ಬು, ಉಪ್ಪು, ಸಕ್ಕರೆ ಜಾಸ್ತಿ ಇರೋ ತಿಂಡಿ ಮಾರ್ಬಾರ್ದು ಅಂತ 2020ರಲ್ಲೇ ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮ ಬಂದಿದೆ, ಪೇರೆಂಟ್ಸ್ ಮೀಟಿಂಗಲ್ಲಿ ಬರೀ ಮಾರ್ಕ್ಸ್ ಕೇಳೋ ಬದ್ಲು ಕ್ಯಾಂಟೀನ್ ಬಗ್ಗೆನೂ ಒಂದ್ ಮಾತು ಕೇಳಿ. ಇನ್ನು ಬಹಳಷ್ಟು ಅಪಾರ್ಟ್‌ಮೆಂಟಲ್ಲಿ "ಇಲ್ಲಿ ಚೆಂಡಾಟ ನಿಷೇಧ" ಅಂತ ಬೋರ್ಡ್ ಇರುತ್ತೆ, ಲಿಫ್ಟ್ ಪಕ್ಕದಲ್ಲೇ. ಅದನ್ನ ಮೊದ್ಲು ಕಿತ್ತು ಹಾಕ್ಸಿ, ಸಂಜೆ ಐದರಿಂದ ಏಳು ಮಕ್ಕಳಿಗೆ ಬಿಡಿ, ಗಾಜು ಒಡೆದ್ರೆ ಎಲ್ರೂ ಸೇರಿ ಹಾಕಿಸ್ಕೊಳ್ಳಿ.

ಪ್ರಶ್ನೆ: ಶಾಲೇಲಿ ಜಂತುಹುಳು ಮಾತ್ರೆ ಕೊಡ್ತಾರೆ, ನಮ್ಮ ಅಮ್ಮ ಬೇಡ ಅಂತಾರೆ, ಮಗು ವಾಂತಿ ಮಾಡ್ಕೊಳ್ಳುತ್ತಂತೆ. ಕೊಡಿಸ್ಬಹುದಾ? – ಹಾಸನ

ಉತ್ತರ: ಕೊಡ್ಸಿ. ಹೊಟ್ಟೇಲಿ ಹುಳ ಇದ್ರೆ ನೀವು ಹಾಕಿದ ಸೊಪ್ಪು ಕಾಳಿನ ಪಾಲು ಅದಕ್ಕೂ ಹೋಗುತ್ತೆ. ವರ್ಷಕ್ಕೆ ಎರಡು ಸಲ, ಸಾಮಾನ್ಯವಾಗಿ ಫೆಬ್ರವರಿ 10 ಮತ್ತೆ ಆಗಸ್ಟ್ 10ರ ಹೊತ್ತಿಗೆ, ಒಂದರಿಂದ 19 ವರ್ಷದವ್ರಿಗೆ ಅಲ್ಬೆಂಡಜೋಲ್ ಕೊಡ್ತಾರೆ. ಎರಡು ವರ್ಷದೊಳಗಿನವ್ರಿಗೆ ಅರ್ಧ ಮಾತ್ರೆ, ಪುಡಿ ಮಾಡಿ ನೀರಲ್ಲಿ, ಎರಡು ದಾಟಿದ ಮಕ್ಕಳಿಗೆ ಒಂದು ಪೂರ್ತಿ, ಮೂರು ವರ್ಷದವರೆಗೆ ಅದನ್ನೂ ಪುಡಿ ಮಾಡಿ, ಆಮೇಲಿನವ್ರು ನುಂಗದೇ ಅಗಿದು ತಿನ್ಬೇಕು. ಹುಳ ಜಾಸ್ತಿ ಇದ್ರೆ ಕೆಲವರಿಗೆ ಸ್ವಲ್ಪ ಹೊಟ್ಟೆನೋವು, ವಾಕರಿಕೆ ಬರುತ್ತೆ, ಬೇಗ ಹೋಗುತ್ತೆ. ಆವತ್ತು ಜ್ವರ ಇದ್ರೆ ಬೇಡ, ಹುಷಾರಾದ್ಮೇಲೆ ಕೇಳಿ ತಗೊಳ್ಳಿ.

ಪ್ರಶ್ನೆ: ಮೇಡಂ, ನಾನು ಬಸ್ ಕಂಡಕ್ಟರು. ಮನೆಗೆ ಬರೋದು ರಾತ್ರಿ ಹತ್ತಕ್ಕೆ, ಮಕ್ಕಳು ಮಲಗಿರ್ತಾರೆ ಇಲ್ಲಾ ನಾನೇನು ತಂದೆ ಅಂತ ಕವರ್ ನೋಡೋಕೆ ಎದ್ದಿರ್ತಾರೆ. ನೀವು ಅಪ್ಪ ಜೊತೆಗೆ ಊಟ ಮಾಡ್ಬೇಕು ಅಂತೀರಿ, ನನ್ನಂಥೋನು ಏನ್ ಮಾಡ್ಲಿ?

ಉತ್ತರ: ಅಣ್ಣಾ, ಬಹಳ ನ್ಯಾಯವಾದ ಪ್ರಶ್ನೆ. ರಾತ್ರಿ ಆಗದಿದ್ರೆ ಬೆಳಿಗ್ಗೆ ಡ್ಯೂಟಿಗೆ ಹೋಗೋ ಮುಂಚೆ ಹತ್ತು ನಿಮಿಷ ಮಕ್ಕಳ ಜೊತೆ ಕೂತು ತಿಂಡಿ ತಿನ್ನಿ, ಅವರ ತಟ್ಟೇಲಿರೋದೇ ನಿಮ್ಮ ತಟ್ಟೇಲೂ ಇರ್ಲಿ, ಉಪ್ಪಿಟ್ಟಲ್ಲಿರೋ ಬೀನ್ಸ್ ಕ್ಯಾರೆಟ್ ಆರಿಸಿ ಪಕ್ಕಕ್ಕೆ ಇಡ್ಬೇಡಿ, ಮಕ್ಕಳು ನೋಡ್ತಾ ಇರ್ತಾರೆ. ವೀಕ್ಲಿ ಆಫ್ ದಿನ ಸಂತೆಗೆ ಅವರನ್ನೂ ಕರ್ಕೊಂಡ್ ಹೋಗಿ, ಒಬ್ಬೊಬ್ರೂ ಒಂದೊಂದು ತರಕಾರಿ ಆರಿಸ್ಲಿ, ಆವತ್ತು ಅದನ್ನೇ ಮಾಡಿ, ಹೆಚ್ಚೋದು ನೀವೇ ಆದ್ರೆ ಇನ್ನೂ ಒಳ್ಳೇದು. ರಾತ್ರಿ ಕವರ್ ಮಾತ್ರ ನಿಲ್ಲಿಸ್ಬೇಡಿ, ಮಕ್ಕಳು ಅಷ್ಟೊತ್ತು ಕಾದಿರ್ತಾರೆ. ಬೇಕರಿ ಪಫ್ಸ್ ಬದ್ಲು ನಿಮ್ಮ ಬಸ್ ಸ್ಟ್ಯಾಂಡ್ ಹತ್ರ ಗಾಡೀಲಿ ಏನು ಹಣ್ಣು ಸಿಗುತ್ತೋ ಅದನ್ನ ತನ್ನಿ, ಬೆಳಿಗ್ಗೆ ತಿಂಡಿ ಜೊತೆ ಕೊಯ್ದು ಕೊಡಿ.